ಎಸಿ ಸಾಹೇಬರ ಫೋರ್-ವೀಲ್ ಪರೀಕ್ಷೆ

ಮರ್ವಿನ್ ಮಾಡಿದ ತಪ್ಪು ಇಷ್ಟೇ. ಶುಕ್ರವಾರ ಬೆಳಿಗ್ಗೆ ಹಾಲು ತರಲು ಇಳಿಯುವಾಗ, ಭಾವಮೈದ ಕೆನೆತ್ ಕೆನಡಾದಿಂದ ಕಳಿಸಿದ ವಾಯ್ಸ್ ಮೆಸೇಜನ್ನು ಲಿಫ್ಟಿನಲ್ಲಿ ಸ್ಪೀಕರ್ ಹಾಕಿ ಕೇಳಿದ. ಬಹ್ರೇನಿನ ಮಾಹೂಝ್ ಬಡಾವಣೆಯ ಆ ಕಟ್ಟಡದಲ್ಲಿ ಲಿಫ್ಟಿನಷ್ಟು ಸಾರ್ವಜನಿಕ ಸ್ಥಳ ಬೇರೊಂದಿಲ್ಲ ಎಂಬುದು ಅಲ್ಲಿ ಅಷ್ಟು ವರ್ಷ ಇದ್ದವನಿಗೆ ಗೊತ್ತಿರಬೇಕಿತ್ತು.

ಮೂರನೇ ಮಹಡಿಯ ಪಂಕಜಾಕ್ಷಿ ಲಿಫ್ಟಿನೊಳಗೆ ಕಾಲಿಡುವುದಕ್ಕೂ ಕೆನೆತ್‌ನ ದನಿ ಮೊಳಗುವುದಕ್ಕೂ ಸರಿಹೋಯಿತು. "ಚಳಿಗಾಲಕ್ಕೆ ಕಾರು ಬೇಕೇ ಬೇಕು ಭಾವ. ಟೂ-ವೀಲ್ ಡ್ರೈವಾ, ಫೋರ್-ವೀಲ್ ಡ್ರೈವಾ, ಇವತ್ತು ಸಂಜೆಯೊಳಗೆ ಹೇಳಿ. ಹೂತುಹೋದ್ರೆ ತೆಗೀಲಿಕ್ಕೆ ಯಾರೂ ಬರುದಿಲ್ಲ."

"ಎಂತ ಮರ್ವಿನ್, ಬಹ್ರೇನಲ್ಲಿ ಯಾವ ಚಳಿಗಾಲಕ್ಕೆ ಫೋರ್-ವೀಲ್?" ಪಂಕಜಾಕ್ಷಿಯ ಹುಬ್ಬು ಮೇಲೇರಿತು.

ನಿಜ ಹೇಳುವಂತಿರಲಿಲ್ಲ. ಮರ್ವಿನ್ ಮತ್ತು ಹೆಂಡತಿ ರೆಶ್ಮಾ ಸದ್ಯದಲ್ಲೇ ವಿನ್ನಿಪೆಗ್‌ಗೆ, ಮೂಗು ಹೊರಗಿಟ್ಟರೆ ಮರಗಟ್ಟುವ ಕೆನಡಾದ ಆ ಊರಿಗೆ, ಕಾಯಂ ಆಗಿ ಹೊರಡುವವರಿದ್ದರು. ಹಿಮದ ಮೇಲೆ ಅವರಿಗೆ ಮೋಹವೇನೂ ಇರಲಿಲ್ಲ. ಕಾರಣ ಒಬ್ಬರೇ, ಶೈಲೇಶ್.

ಶೈಲೇಶ್ ಅದ್ಲಿಯಾದ ಕಚೇರಿಯಲ್ಲಿ ಮರ್ವಿನ್‌ನ ಮ್ಯಾನೇಜರ್. ಇದೇ ಕಟ್ಟಡದ ಐದನೇ ಮಹಡಿಯವರು. ಡ್ರೈವಿಂಗ್ ಟೆಸ್ಟಿಗೆ ಹೋದಾಗಲೆಲ್ಲ ಫೇಲಾಗಿ ಬಂದವರು. ಹಾಗಾಗಿ ವರ್ಷಗಳಿಂದ ಮರ್ವಿನ್‌ನ ಕಾರಿನ ಮುಂದಿನ ಸೀಟು ಅವರದ್ದು. ಕೂತು ಬೆಲ್ಟ್ ಹಾಕಿದೊಡನೆ ದಿನಾ ಒಂದೇ ಮಾತು: "ಎಸಿ ಸ್ವಲ್ಪ ಕಮ್ಮಿ ಮಾಡಿ ಮರ್ವಿನ್. ನಂಗೆ ತಂಪು ಆಗುದಿಲ್ಲ." ಜುಲೈ ತಿಂಗಳಲ್ಲೂ ಇದೇ ಪಾಠ. ಕಚೇರಿ ತಲುಪುವಾಗ ಮರ್ವಿನ್ ಒಲೆಯಿಂದಿಳಿಸಿದ ಇಡ್ಲಿಯ ಹಾಗೆ ಹಬೆಯಾಡುತ್ತಿದ್ದ. ರೆಶ್ಮಾ ಅವರಿಗೆ 'ಎಸಿ ಸಾಹೇಬ' ಎಂದು ಹೆಸರಿಟ್ಟಮೇಲೆ ಆ ಮನೆಯಲ್ಲಿ ಅವರ ನಿಜವಾದ ಹೆಸರನ್ನು ಯಾರೂ ಎತ್ತಿದ್ದೇ ಇಲ್ಲ.

ಬಿಟ್ಟುಹೋಗುವ ಸುದ್ದಿ ಸಾಹೇಬರ ಕಿವಿಗೆ ಬಿದ್ದರೆ ಮುಗಿಯಿತು. ಹಿಂದೆ ರಿಯಾನ್ ಎಂಬವನು ಕೆನಡಾ ಎಂದು ಬಾಯಿಬಿಟ್ಟದ್ದೇ ತಡ, ಅವನನ್ನು ಗೋಡೌನಿಗೆ ಹಾಕಿ ಬೇಸಿಗೆಯಿಡೀ ಅಲ್ಲೇ ಬೇಯಿಸಿದ್ದರು. ಆದ್ದರಿಂದ ಮರ್ವಿನ್ ಬಾಯಿಗೆ ಬಂದದ್ದು ಹೇಳಿದ.

"ಸಕೀರ್ ಮರಳುಗಾಡಲ್ಲಿ ಕ್ಯಾಂಪಿಂಗ್ ಮಾಡುವ ಅಂತ ಪಂಕಜಕ್ಕ. ಅದಕ್ಕೆ."

"ಹಾಗಾದ್ರೆ ಫೋರ್-ವೀಲೇ ತಗೊಳ್ಳಿ. ಎರಡು ಚಕ್ರ ದುಡಿದು ಇನ್ನೆರಡು ಸುಮ್ಮನೆ ಸುತ್ತುತ್ತಾ ಇದ್ರೆ ಅದು ನಮ್ಮ ಮನೆಯ ಕತೆ ಆಯ್ತು," ಎಂದರು ಪಂಕಜಾಕ್ಷಿ.

ಹಾಲು ಹಿಡಿದು ಬರುವಷ್ಟರಲ್ಲಿ ಇಡೀ ಕಟ್ಟಡ ಎರಡು ಪಕ್ಷವಾಗಿತ್ತು. ನೆಲಮಹಡಿಯ ಸ್ಟೀಫನ್ ಟೂ-ವೀಲ್ ಪಕ್ಷ. "ಟಯರ್ ಒಳ್ಳೇದಿದ್ರೆ ಆಯ್ತು ಮಾರಾಯ, ಕಾಲು ಎಷ್ಟಿದ್ರೆ ಏನು, ಚಪ್ಪಲಿ ಸರಿ ಇರ್ಬೇಕು," ಎಂದು ಮೆಟ್ಟಿಲಲ್ಲೇ ಹಿಡಿದುಕೊಂಡ. ಅವನಿಂದ ಬಿಡಿಸಿಕೊಳ್ಳುವಾಗ ಫೋನ್ ಬಂತು. ಶೈಲೇಶ್.

"ಪಂಕಜಕ್ಕ ಹೇಳಿದ್ರು. ನಿಮಗೂ ಕ್ಯಾಂಪಿಂಗ್ ಹುಚ್ಚು ಹಿಡಿದಿದೆಯಂತೆ. ಮೊದಲೇ ಹೇಳ್ಬಾರ್ದಾ? ಸಕೀರಲ್ಲಿ ನನ್ನ ಡೇರೆ ಉಂಟು. ಈಗಲೇ ಹೋಗುವ."

ಇದೊಂದು ವಿಚಿತ್ರ. ಸ್ವಲ್ಪ ಧೂಳೆದ್ದರೆ ಕಿಟಕಿಗೆ ಟೇಪ್ ಅಂಟಿಸುವ ಮನುಷ್ಯ, ಈ ವರ್ಷ ಇದ್ದಕ್ಕಿದ್ದಂತೆ ಮರಳುಗಾಡಿನಲ್ಲಿ ಡೇರೆ ಹಾಕಿದ್ದರು. ಕೆಳಗಿಳಿದು ಬಂದಾಗ ಉಣ್ಣೆಯ ಟೊಪ್ಪಿ, ಕೈಗೆ ದಪ್ಪ ಗ್ಲೌಸು, ಮೈಮೇಲೆ ಗಾದಿಯಂಥ ಜಾಕೆಟ್ಟು. ಮರ್ವಿನ್ ಟೀ-ಶರ್ಟಿನಲ್ಲಿದ್ದ. "ಅಭ್ಯಾಸ ಇರ್ಬೇಕು," ಎಂದಷ್ಟೇ ಹೇಳಿ ಶೈಲೇಶ್ ಮುಂದಿನ ಸೀಟಿನಲ್ಲಿ ತುರುಕಿಕೊಂಡರು. "ಎಸಿ ಸ್ವಲ್ಪ ಕಮ್ಮಿ ಮಾಡಿ ಮರ್ವಿನ್."

ಡೇರೆಯ ಹತ್ತಿರ ಬಾಡಿಗೆಯವರು ತಂದು ನಿಲ್ಲಿಸಿದ ದೊಡ್ಡದೊಂದು ಫೋರ್-ವೀಲ್ ಗಾಡಿ ಕಾಯುತ್ತಿತ್ತು.

"ಮೊದಲು ನಿಮ್ಮ ಟೂ-ವೀಲ್ ಓಡಿಸಿ, ಮತ್ತೆ ಇದು. ಯಾವುದು ಹೂತುಹೋಗ್ತದೆ, ಜಾರಿದ್ರೆ ಯಾವುದು ನಿಲ್ತದೆ, ಎಲ್ಲ ನೋಡುವ," ಎಂದರು ಶೈಲೇಶ್, ಲ್ಯಾಬಿನ ಮೇಷ್ಟರ ಗತ್ತಿನಲ್ಲಿ.

ಮರ್ವಿನ್‌ಗೂ ಒಳಗೊಳಗೇ ಖುಷಿಯಾಯಿತು. ಸಂಜೆಯೊಳಗೆ ಕೆನೆತ್‌ಗೆ ಉತ್ತರ ಕೊಡಬೇಕಿತ್ತು. ಸಾಹೇಬರ ಬಾಡಿಗೆ ಗಾಡಿಯಲ್ಲಿ ಪುಕ್ಕಟೆ ಪರೀಕ್ಷೆ ಆಗುವುದಾದರೆ ಬೇಡ ಎನ್ನುವುದೇಕೆ? ಹುರುಪಿನಿಂದ ತನ್ನ ಹಳೇ ಕಾರನ್ನು ಮರಳಿಗೆ ನುಗ್ಗಿಸಿದ. ಮುಂದಿನ ಚಕ್ರಗಳು ಗಿರ್ರೆಂದು ಸುತ್ತಿ ಸುತ್ತಿ ಗುಂಡಿ ತೋಡಿದವು. ಕಾರು ನೀರಿಗಿಳಿದ ಎಮ್ಮೆಯ ಹಾಗೆ ಆರಾಮವಾಗಿ ಕೂತುಬಿಟ್ಟಿತು.

"ಟೂ-ವೀಲ್ ಫೇಲು," ಎಂದು ಶೈಲೇಶ್ ತೀರ್ಪು ಕೊಟ್ಟರು. ತಾನಲ್ಲದೆ ಬೇರೆ ಯಾರಾದರೂ ಫೇಲಾದದ್ದು ಅವರಿಗೆ ಬಹಳ ಹಿತವಾದಂತಿತ್ತು.

ಇನ್ನು ಫೋರ್-ವೀಲಿನಿಂದ ಇದನ್ನು ಎಳೆಯಬೇಕು. ಹಗ್ಗ ಕಟ್ಟಿದ್ದಾಯಿತು. ಆದರೆ ಎಳೆಯುವ ಗಾಡಿ ಓಡಿಸಲು ಗೊತ್ತಿದ್ದವನು ಮರ್ವಿನ್ ಒಬ್ಬನೇ. ಆದ್ದರಿಂದ ಹೂತ ಕಾರಿನ ಸ್ಟೇರಿಂಗಿಗೆ ಶೈಲೇಶರನ್ನು ಕೂರಿಸಬೇಕಾಯಿತು. ಅವರು ಗ್ಲೌಸು ಹಾಕಿದ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅಪ್ಪಿ ಹಿಡಿದರು.

ಮರ್ವಿನ್ ಎಳೆದ. ಕಾರು ಅಲ್ಲಾಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಸರ್, ಬ್ರೇಕಿನಿಂದ ಕಾಲು ತೆಗೀರಿ."

"ತೆಗೆದ್ರೆ ಕಾರು ಮುಂದೆ ಹೋಗ್ತದಲ್ಲ ಮಾರಾಯ್ರೆ," ಎಂದು ಶೈಲೇಶ್ ಗಾಬರಿಯಿಂದ ತಿರುಗಿ ಕೂಗಿದರು.

ಮತ್ತೊಮ್ಮೆ ಎಳೆದ. ಈ ಸಲ ಏನೋ ಬಂತು. ಕನ್ನಡಿಯಲ್ಲಿ ನೋಡಿದರೆ ಬಂದದ್ದು ಕಾರಲ್ಲ, ಅದರ ಬಂಪರು ಮಾತ್ರ. ಅದರ ಹಿಂದೆ, ಬೋಳು ಮೂತಿಯ ಕಾರಿನೊಳಗೆ, ಶೈಲೇಶ್ ಒಬ್ಬರೇ ಮಾತಾಡುತ್ತಿದ್ದರು. ದೇವರಿಗೆ ಹರಕೆ ಹೊರುತ್ತಿರಬೇಕು ಎಂದುಕೊಂಡ ಮರ್ವಿನ್. ಆದರೆ ಅವರು ನಡುನಡುವೆ ತಲೆಯಾಡಿಸುತ್ತಿದ್ದರು, ಒಮ್ಮೆ ನಕ್ಕರು ಕೂಡ.

ಆಗ ನೆನಪಾಯಿತು. ಅವನ ಫೋನು ಆ ಕಾರಿನಲ್ಲಿತ್ತು. ಫೋನ್ ಬಂದರೆ ಕಾರಿನ ಸ್ಪೀಕರಿನಲ್ಲೇ ಕೇಳುತ್ತಿತ್ತು. ಮತ್ತು ಕೆನೆತ್ ಉತ್ತರಕ್ಕೆ ಕಾಯುತ್ತಿದ್ದ.

ಮರ್ವಿನ್ ಮರಳಿನಲ್ಲಿ ಬಿದ್ದು ಎದ್ದು ಓಡಿದ. ಗೋಡೌನು, ರಿಯಾನ್, ಜುಲೈ ತಿಂಗಳು ಎಲ್ಲ ಕಣ್ಣಮುಂದೆ ಕುಣಿದವು. ಬಾಗಿಲು ತೆರೆದರೆ ಕೆನೆತ್‌ನ ದನಿ ಕಾರಿನ ತುಂಬ.

"ಭಾವ ಬಂದ್ರಾ?"

"ಬಂದ್ರು," ಎಂದರು ಶೈಲೇಶ್. ಮರ್ವಿನ್‌ನತ್ತ ತಿರುಗಿದರು. "ನಾನು ಹಾರ್ನ್ ಅಂತ ಸ್ಟೇರಿಂಗಿನ ಬಟನ್ ಒತ್ತಿದೆ, ಇವ್ರು ಮಾತಾಡಿದ್ರು. ವಿನ್ನಿಪೆಗ್‌ಗೆ ಹೊರಟಿದ್ದೀರಂತೆ."

"ಸರ್, ಅದು, ನಾನು ಹೇಳ್ಬೇಕು ಅಂತಲೇ..." ಮರ್ವಿನ್‌ಗೆ ಈ ಮನುಷ್ಯನ ಕೈಯಿಂದ ಪಾರಾಗುವ ಆಸೆ ಇಲ್ಲಿಗೆ ಮಣ್ಣುಪಾಲಾಯಿತು ಎನಿಸಿ ಅಳುವೇ ಬಂತು.

ಶೈಲೇಶ್ ಟೊಪ್ಪಿ ತೆಗೆದು ನಿಧಾನವಾಗಿ ತಲೆ ಕೆರೆದುಕೊಂಡರು.

"ನಾನೂ ನಿಮ್ಮಿಂದ ಮುಚ್ಚಿಟ್ಟೆ ಬಿಡಿ. ನನ್ನ ಹೆಂಡತಿಗೆ ಅಲ್ಲೇ ಕೆಲಸ ಸಿಕ್ಕಿದೆ. ನಾವೂ ಹೊರಟಿದ್ದೇವೆ, ವಿನ್ನಿಪೆಗ್‌ಗೆ. ನಿಮಗೆ ಗೊತ್ತಾದ್ರೆ ನಾಳೆಯಿಂದ ಕಾರಿಗೆ ಹತ್ತಿಸ್ತಿದ್ರಾ? ಈ ಡೇರೆ, ಜಾಕೆಟ್ಟು ಎಲ್ಲ ಎಂತಕ್ಕೆ ಅಂದುಕೊಂಡ್ರಿ? ಇಲ್ಲಿ ಹಿಮ ಎಲ್ಲಿ ಸಿಗ್ತದೆ ಮಾರಾಯ್ರೆ, ಮರಳಲ್ಲೇ ಪ್ರಾಕ್ಟೀಸ್."

"ಭಾವ, ಕೇಳಿ," ಕೆನೆತ್‌ನ ದನಿ ಉತ್ಸಾಹದಿಂದ ಚಿಮ್ಮಿತು. "ನಮ್ಮ ಮನೆಯ ಬೇಸ್‌ಮೆಂಟ್ ಬಹ್ರೇನಿನ ಒಂದು ಫ್ಯಾಮಿಲಿಗೆ ಬಾಡಿಗೆಗೆ ಕೊಟ್ಟಿದ್ದೇನೆ ಅಂತ ಹೇಳಿದ್ದೆ ಅಲ್ವಾ? ಅದು ಇವ್ರೇ, ಶೈಲೇಶಣ್ಣ. ನಿಮ್ಮ ಆಫೀಸಿನವರೇ ಅಂತ ಈಗ ಗೊತ್ತಾಯ್ತು. ಮೇಲೆ ನೀವು, ಕೆಳಗೆ ಅವರು. ಒಂದೇ ಕಾರು ಸಾಕಲ್ಲ. ಆ ಎಸಿ ಸಾಹೇಬನ ಕಾಟ ಇನ್ನಿಲ್ಲ, ಇಷ್ಟು ಒಳ್ಳೆ ಜನ ಜೊತೆಗೆ ಸಿಕ್ಕಿದ್ರು."

"ಯಾರು ಈ ಎಸಿ ಸಾಹೇಬ?" ಶೈಲೇಶ್ ಕುತೂಹಲದಿಂದ ಕೇಳಿದರು.

"ಯಾರೋ, ಬಿಡಿ ಸರ್," ಎಂದ ಮರ್ವಿನ್.

"ಹಾಗಾದ್ರೆ ಫೋರ್-ವೀಲ್ ಅಂತ ಬರ್ಕೊಳ್ಳಿ ಕೆನೆತ್. ನಾವು ಪರೀಕ್ಷೆ ಮಾಡಿಯೇ ಹೇಳುದು. ಓಡಿಸ್ಲಿಕ್ಕೆ ಮರ್ವಿನ್ ಇದ್ದಾರೆ." ಶೈಲೇಶ್ ಸ್ಟೇರಿಂಗ್ ಬಿಟ್ಟು ಇಳಿದರು. ಬಂಪರನ್ನು ದಾಟಿಕೊಂಡು ಹೋಗಿ ಫೋರ್-ವೀಲಿನ ಮುಂದಿನ ಸೀಟಿಗೆ ಹತ್ತಿದರು, ಬೆಲ್ಟ್ ಹಾಕಿಕೊಂಡರು, ಮರ್ವಿನ್ ಬಂದು ಪಕ್ಕದಲ್ಲಿ ಕೂರುವವರೆಗೆ ಕಾದರು.

"ಒಂದು ಈಗಲೇ ಹೇಳಿಬಿಡ್ತೇನೆ ಮರ್ವಿನ್. ಅಲ್ಲಿ ಹೀಟರ್ ಸ್ವಲ್ಪ ಕಮ್ಮಿಯೇ ಇಡಿ. ನಂಗೆ ಸೆಕೆಯೂ ಆಗುದಿಲ್ಲ."