ಗಾಜಿನ ಕೋಣೆಯಲ್ಲಿ ಬಿಸಿಲು ಕಾಯಿಸಿಕೊಂಡದ್ದು

ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನನ್ನನ್ನು ‘ನಿಧಾನಸ್ಥರು’ ಎನ್ನುತ್ತಿದ್ದಳು. ವರ್ಷ ಕಳೆದಂತೆ ಅದು ‘ಆಲಸಿ’ ಆಯಿತು. ಈಗ ಯಾವ ಮುಚ್ಚುಮರೆಯೂ ಇಲ್ಲದೆ ‘ಸೋಮಾರಿ’. ಕೂತ ಕಡೆಯಿಂದ ಏಳದೆ ಇಷ್ಟು ಬಡ್ತಿ ಪಡೆದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಆದರೆ ನಾನು ಸೋಮಾರಿಯಲ್ಲ ಸ್ವಾಮಿ, ನನಗೆ ಸುಸ್ತು. ಬೆಳಗ್ಗೆ ಎದ್ದರೆ ಸುಸ್ತು (ಎದ್ದದ್ದಕ್ಕೆ), ಅಂಗಡಿಗೆ ಹೋದರೆ ಸುಸ್ತು, ಊಟ ಮಾಡಿದರೆ ಮಹಾಸುಸ್ತು. ನಮ್ಮದು ಗಾಜಿನ ಅಂಗಡಿ. ಕಿಟಕಿ, ಬಾಗಿಲು, ಶೋಕೇಸು, ಯಾವುದಕ್ಕೆ ಬೇಕಾದರೂ ಅಳತೆಗೆ ಗಾಜು ಕತ್ತರಿಸಿ ಕೂರಿಸಿಕೊಡುತ್ತೇವೆ. ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಆ ಅಂಗಡಿಗೆ ಟ್ಯೂಬ್‌ಲೈಟೇ ಸೂರ್ಯ, ಟ್ಯೂಬ್‌ಲೈಟೇ ಚಂದ್ರ. ಸಂಜೆ ಹೊತ್ತು ಹೆಂಡತಿ ಬಂದು ಗಲ್ಲಾದಲ್ಲಿ ಕೂರುತ್ತಾಳೆ, ನಾನು ಗಿರಾಕಿಗಳ ಮುಂದೆ ಗಾಜಿನ ಗುಣಗಾನ ಮಾಡುತ್ತೇನೆ. ಆ ಗುಣಗಾನದ ವಿಷಯ ಆಮೇಲೆ ಬರುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ದಿನ ನನಗೆ ಮಹಾ ಉಪಾಯವೊಂದು ಹೊಳೆಯಿತು. ನನ್ನದು ಸೋಮಾರಿತನವಲ್ಲ, ಕಾಯಿಲೆ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿದರೆ ಹೇಗೆ? ಅಂದೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಮರುದಿನ ನಮ್ಮ ಬೀದಿಯ ಡಾಕ್ಟರಮ್ಮ ವರದಿ ನೋಡಿ, ನನ್ನ ಮುಖ ನೋಡಿ, ಮತ್ತೆ ವರದಿ ನೋಡಿದರು.

“ಬಿಸಿಲಿಗೆ ಹೋಗೋದೇ ಇಲ್ವಾ ನೀವು?”

“ಬಿಸಿಲು ಬಂದ್ರೆ ನೆರಳಿಗೆ ಹೋಗ್ತೀನಿ ಡಾಕ್ಟ್ರೇ.”

“ಅದೇ ತೊಂದ್ರೆ. ಬಿಸಿಲು ಚರ್ಮಕ್ಕೆ ಬಿದ್ರೆ ಮೈಯೇ ಒಂದು ವಿಟಮಿನ್ ಮಾಡ್ಕೊಳ್ಳುತ್ತೆ. ಅದು ನಿಮಗೆ ಕಮ್ಮಿ ಇದೆ. ಮೂಳೆಗೆ ಬೇಕು, ಸ್ನಾಯುಗಳಿಗೆ ಬೇಕು. ಚಯಾಪಚಯಕ್ಕೂ, ಅಂದ್ರೆ ತಿಂದದ್ದು ಮೈಯಲ್ಲಿ ಶಕ್ತಿಯಾಗೋ ಕ್ರಿಯೆಗೂ, ಅದಕ್ಕೂ ಸಂಬಂಧ ಇರಬಹುದು ಅಂತಾರೆ, ಇನ್ನೂ ಪೂರ್ತಿ ತಿಳಿದಿಲ್ಲ. ನಿಮ್ಮದು ಸ್ವಲ್ಪ ಕಪ್ಪು ಮೈಬಣ್ಣ. ಚರ್ಮದಲ್ಲಿರೋ ಬಣ್ಣ ಬಿಸಿಲನ್ನ ತಡೆಯುತ್ತೆ. ಅದಕ್ಕೇ ಬೆಳ್ಳಗಿರೋರಿಗಿಂತ ನೀವು ಹೆಚ್ಚು ಹೊತ್ತು ಬಿಸಿಲಲ್ಲಿ ಇರಬೇಕು.”

ನನಗೆ ತಕ್ಷಣ ಅರ್ಥವಾಯಿತು. ಅಂದರೆ ನನ್ನದು ಹುಟ್ಟಾ ಟಿಂಟೆಡ್ ಗ್ಲಾಸು. ಹೆಂಡತಿಯದು ಸಾದಾ ಗಾಜು. ನಮ್ಮ ಕಸುಬಿನಲ್ಲಿ ಟಿಂಟೆಡ್ಡಿಗೇ ಬೆಲೆ ಹೆಚ್ಚು.

“ಮಾತ್ರೆ ಬೇಕಿದ್ರೆ ಬರೆದುಕೊಡ್ತೀನಿ,” ಎಂದರು ಡಾಕ್ಟರಮ್ಮ. “ಇಲ್ಲ, ಮೊದಲು ದಿನಾ ಬಿಸಿಲಲ್ಲಿ ಇದ್ದು ನೋಡ್ತೀರಾ?”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಮಾತ್ರೆ ಒಂದು ಗುಟುಕು ನೀರಿನಲ್ಲಿ ಮುಗಿದುಹೋಗುತ್ತದೆ. ಬಿಸಿಲಾದರೆ ಒರಗು ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಬೆಳ್ಳಗಿರುವವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದ ಔಷಧ. ಮಾತ್ರೆ ಬೇಡವೆಂದು ಕೈಮುಗಿದು ಬಂದೆ.

ಮನೆಗೆ ಬಂದವನೇ ನಡುಮನೆಯಲ್ಲಿ ನಿಂತು ಘೋಷಿಸಿದೆ. “ಕೇಳಿಸ್ಕೊಳ್ಳಿ ಎಲ್ರೂ. ನನ್ನ ಚಯಾಪಚಯ ಸರಿಯಿಲ್ಲ.”

“ಏನು, ಚಾಪೆ ಸರಿಯಿಲ್ವಾ?” ಎಂದರು ಅಮ್ಮ. “ಹೊಸದು ತಗೊಂಡ್ರಾಯ್ತು ಬಿಡು.”

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ನಾನು ವರದಿಯನ್ನು ಅವಳ ಕಣ್ಣೆದುರು ಹಿಡಿದು, ವರ್ಣದ್ರವ್ಯ, ಸೂರ್ಯರಶ್ಮಿ, ಮೂಳೆ, ಸ್ನಾಯು ಎಲ್ಲವನ್ನೂ ವಿವರಿಸಿದೆ. ಅಮ್ಮ ಕೇಳಿ ತಲೆದೂಗಿದರು. “ಹೌದಮ್ಮಾ, ಇವನು ಹುಟ್ಟಿದಾಗ್ಲೇ ಒಂದು ಹದ ಹೆಚ್ಚು ಬೆಂದಿದ್ದ.”

“ಅಂದ್ರೆ ಈಗ ಸೋಮಾರಿತನಕ್ಕೆ ಡಾಕ್ಟರ ಚೀಟಿನೂ ಸಿಕ್ತು ಅನ್ನಿ,” ಎಂದಳು ಹೆಂಡತಿ.

“ನೋಡೇ, ಬಿಸಿಲಲ್ಲಿ ಕೂತು ಈ ಅಂಕಿ ಮೇಲಕ್ಕೆ ತರ್ತೀನಿ. ಸುಸ್ತೂ ಹೋಗುತ್ತೆ. ಆವತ್ತು ಅಮ್ಮನ ಎದುರಿಗೆ ಆ ಮಾತು ವಾಪಸ್ ತಗೋಬೇಕು.”

“ತಗೋತೀನಿ. ಅಂಕಿ ಮೇಲೆ ಹೋಗದಿದ್ರೆ?”

“ನೀನು ಹೇಳಿದ್ದು ಮಾಡ್ತೀನಿ.”

“ಹಾಗಾದ್ರೆ ಬಟ್ಟೆ ಒಣಗಿಸೋ ಖಾತೆ ನಿಮ್ಮದು. ಅತ್ತೇ, ನೀವೇ ಸಾಕ್ಷಿ.”

ಮಾರನೆಯ ಬೆಳಗ್ಗೆ ತಾರಸಿಯ ಮೇಲೆ ಕುರ್ಚಿ ಹಾಕಿ, ಅಂಗಿಯ ತೋಳು ಮಡಿಸಿ, ಸೂರ್ಯನಿಗೆ ಮೈಯೊಡ್ಡಿ ಕೂತೆ. ಕಣ್ಣು ಇನ್ನೇನು ಹತ್ತಬೇಕು, ಧೊಪ್ಪೆಂದು ಪಕ್ಕದಲ್ಲಿ ಒದ್ದೆ ಬಟ್ಟೆಯ ಬಕೆಟ್ಟು.

“ಹೇಗೂ ಬಿಸಿಲಲ್ಲೇ ಇದ್ದೀರಲ್ಲ, ಈ ಬೆಡ್‌ಶೀಟಿನ ಒಂದು ತುದಿ ಹಿಡ್ಕೊಳ್ಳಿ.”

“ಚಿಕಿತ್ಸೆ ನಡೀತಿದೆ ಕಣೇ!”

“ತುದಿ ಹಿಡಿದ್ರೆ ಸೂರ್ಯ ಕೋಪ ಮಾಡ್ಕೊಳ್ಳಲ್ಲ.”

ಹಿಡಿದೆ. ಹಿಂಡಿದೆ. ಕ್ಲಿಪ್ಪು ಎತ್ತಿಕೊಟ್ಟೆ. ಗಾಳಿಗೆ ಬೆಡ್‌ಶೀಟು ಬಂದು ಮುಖಕ್ಕೆ ಅಪ್ಪಳಿಸಿತು. ಮರುದಿನವೂ ಇದೇ ಕಥೆ, ಜತೆಗೆ ಪಾರಿವಾಳದ ಕೃಪೆ. (ಎಲ್ಲಿ ಬಿತ್ತು ಎಂದು ಕೇಳಬೇಡಿ.) ಚಿಕಿತ್ಸೆಗೆ ಏಕಾಂತ ಬೇಕು, ಗಾಳಿ, ಧೂಳು, ಹಕ್ಕಿ, ಹೆಂಡತಿ ಯಾವುದೂ ಸೋಕದ ಜಾಗ ಬೇಕು ಅನ್ನಿಸಿತು. ಗಾಜಿನ ವ್ಯಾಪಾರಿಗೆ ಇದೇನು ದೊಡ್ಡ ಮಾತೇ?

ಸುಸ್ತನ್ನೆಲ್ಲ ಮರೆತು ಆ ಭಾನುವಾರ ದುಡಿದೆ ನೋಡಿ! ಅಂಗಡಿಯಲ್ಲಿ ಉಳಿದಿದ್ದ ಅತ್ಯುತ್ತಮ ದರ್ಜೆಯ ಗಾಜುಗಳನ್ನು ತಂದು, ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿ, ಸಂದುಗೊಂದಿಗೆಲ್ಲ ಸಿಲಿಕೋನು ಮೆತ್ತಿ, ತಾರಸಿಯ ಮೂಲೆಯಲ್ಲಿ ಒಂದು ಕೋಣೆ ಕಟ್ಟಿಬಿಟ್ಟೆ. ಛಾವಣಿಯೂ ಗಾಜು, ನಾಲ್ಕು ಗೋಡೆಯೂ ಗಾಜು, ಬಾಗಿಲೂ ಗಾಜು. ಒಳಗೆ ಒರಗು ಕುರ್ಚಿ, ಕಾಲು ಚಾಚಲು ಸ್ಟೂಲು. ಸೂರ್ಯ ಮೂಡಿದರೆ ಒಳಗೆಲ್ಲ ಬೆಳಕೋ ಬೆಳಕು. ಬೆಚ್ಚಗೆ, ಹಿತವಾಗಿ, ಅರಮನೆಯ ಹಾಗಿತ್ತು.

ಅಂದಿನಿಂದ ನನ್ನ ಚಿಕಿತ್ಸೆ ನಿರ್ವಿಘ್ನವಾಗಿ ಸಾಗಿತು. ಬಿಸಿಲೇರುವ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಮುಗಿಯಿತು. ಮೆಟ್ಟಿಲು ಹತ್ತುವಾಗ ಹಾಲು ತರಲು ಕರೆದರೆ ‘ಚಯಾಪಚಯ’, ಗ್ಯಾಸ್ ಸಿಲಿಂಡರ್ ಬದಲಿಸಲು ಕರೆದರೆ ‘ಚಯಾಪಚಯ’. ಟಿಂಟೆಡ್ ಚರ್ಮವಾದ್ದರಿಂದ ಬೆಳ್ಳಗಿರುವವರ ಎರಡು ಪಟ್ಟು ಹೊತ್ತು ಒರಗಿರುತ್ತಿದ್ದೆ. ಡಾಕ್ಟರ ಮಾತು ಮೀರುವುದು ನನ್ನ ಜಾಯಮಾನವಲ್ಲ.

ಹೆಂಡತಿ ಹೊರಗೆ ಬಟ್ಟೆ ಹರವುತ್ತ ನನ್ನತ್ತ ತಿರುಗಿ ಏನೋ ಹೇಳುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಮಾತ್ರ ಒಳಗೆ ಬರುತ್ತಿರಲಿಲ್ಲ. ಅಷ್ಟು ಒಳ್ಳೆಯ ಗಾಜು! ಒಮ್ಮೊಮ್ಮೆ ಅವಳು ಗಾಜನ್ನು ಬೆರಳಿನಿಂದ ತಟ್ಟಿ, ಮೇಲೆ ಸೂರ್ಯನನ್ನು ತೋರಿಸಿ, ಕೈ ಅಲ್ಲಾಡಿಸುತ್ತಿದ್ದಳು. ‘ಬಿಸಿಲು ಚೆನ್ನಾಗಿದೆ’ ಎನ್ನುತ್ತಿದ್ದಾಳೆಂದು ನಾನು ನಕ್ಕು ತಲೆಯಾಡಿಸುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಅನ್ಯೋನ್ಯವಾಗಿ ನಾವು ಎಂದೂ ಇದ್ದಿರಲಿಲ್ಲ.

ಮತ್ತೆ ರಕ್ತ ಕೊಡುವ ಕಾಲ ಬಂತು. ವಿಜಯೋತ್ಸವ ಕಣ್ಣಾರೆ ನೋಡಲೆಂದು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಡಾಕ್ಟರಮ್ಮ ವರದಿ ನೋಡಿ ಹುಬ್ಬು ಗಂಟಿಕ್ಕಿದರು.

“ಬಿಸಿಲಲ್ಲಿ ಕೂರಲೇ ಇಲ್ವಾ? ಮೊದಲಿಗಿಂತ ಇನ್ನೂ ಒಂದಿಷ್ಟು ಇಳಿದಿದೆಯಲ್ಲ!”

“ಏನ್ ಡಾಕ್ಟ್ರೇ ಹೀಗಂತೀರಿ! ದಿನಾ ಕೂತಿದ್ದೀನಿ. ಅದಕ್ಕೇ ಅಂತ ತಾರಸಿ ಮೇಲೆ ಗಾಜಿನ ಕೋಣೆ ಕಟ್ಟಿದ್ದೀನಿ. ಹತ್ತೂ ಕಡೆಯಿಂದ ಬಿಸಿಲು!”

ಡಾಕ್ಟರಮ್ಮ ಕನ್ನಡಕ ತೆಗೆದರು. “ಗಾಜಿನ ಒಳಗೆ ಕೂತಿದ್ರಾ? ವಿಟಮಿನ್ ಮಾಡೋ ಕಿರಣ ಗಾಜು ದಾಟಿ ಬರಲ್ಲ ರೀ. ಬೆಳಕು ಬರುತ್ತೆ, ಬಿಸಿ ಬರುತ್ತೆ, ಅದೊಂದು ಬರಲ್ಲ.”

ಕುರ್ಚಿ ಕುಸಿದಂತಾಯಿತು. ಪಕ್ಕದಲ್ಲಿ ಹೆಂಡತಿ ಗಂಟಲು ಸರಿಮಾಡಿಕೊಂಡು, ಸಾಕ್ಷಾತ್ ನನ್ನದೇ ಧಾಟಿಯಲ್ಲಿ ಶುರುಮಾಡಿದಳು. “‘ಕಣ್ಮುಚ್ಕೊಂಡು ತಗೊಂಡು ಹೋಗಿ ಸಾರ್. ಬೆಳಕು ಪೂರ್ತಿ ಬರುತ್ತೆ, ಸೋಫಾ ಬಣ್ಣ ಕೆಡಿಸೋ ಕಿರಣ ಒಳಗೆ ಕಾಲಿಡಲ್ಲ. ಹೊರಗಡೆ ಯಾರು ಕೂಗಾಡಿದ್ರೂ ಕೇಳಿಸಲ್ಲ. ಅದು ನನ್ನ ಗ್ಯಾರಂಟಿ!’ ದಿನಾ ಸಂಜೆ ಗಿರಾಕಿಗಳಿಗೆ ಹೇಳೋರು ನೀವೇ ಅಲ್ವೇನ್ರೀ?”

ಅದೇ ಆ ಗುಣಗಾನ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದದ್ದಷ್ಟೇ ಅಲ್ಲ, ಬೀಳುವ ಮೊದಲು ಅದರ ಸುತ್ತ ಸಿಲಿಕೋನು ಬೇರೆ ಹಚ್ಚಿದ್ದೆ.

“ನಿನಗೆ ಮೊದಲೇ ಗೊತ್ತಿತ್ತೇನೇ?”

“ಮೊದಲನೇ ವಾರವೇ ಅನುಮಾನ ಬಂತು. ಸೋಫಾಗೆ ತಾಗದ ಬಿಸಿಲು ಇವರಿಗೆ ಹೇಗೆ ತಾಗುತ್ತೆ ಅಂತ.”

“ಹಾಗಿದ್ರೆ ಒಂದು ಮಾತು ಹೇಳೋದಲ್ವಾ?”

“ದಿನಾ ಹೇಳಿದೆನಲ್ಲ! ಗಾಜು ತಟ್ಟಿ ತಟ್ಟಿ ಹೇಳಿದೆ. ನೀವು ಒಳಗಿಂದ ನಕ್ಕೊಂಡು ತಲೆ ಆಡಿಸ್ತಿದ್ರಿ.”

ಡಾಕ್ಟರಮ್ಮ ವರದಿಯ ಹಿಂದೆ ಮುಖ ಮರೆಮಾಡಿಕೊಂಡರು. ಭುಜ ಕುಣಿಯುತ್ತಿದ್ದುದು ನನಗೆ ಚೆನ್ನಾಗಿಯೇ ಕಂಡಿತು.

ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಬಟ್ಟೆ ಒಣಗಿಸುವ ಖಾತೆ ವಹಿಸಿಕೊಂಡೆ. ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುವುದು, ಹಿಂಡುವುದು, ಕೊಡವುವುದು, ಒಂದು ಕಡೆ ಒಣಗಿದ್ದನ್ನು ಮಗ್ಗುಲು ಬದಲಿಸುವುದು. ನನ್ನ ಟಿಂಟೆಡ್ ಚರ್ಮಕ್ಕೆ ಬೇಕಾದ ಹೆಚ್ಚಿನ ಹೊತ್ತನ್ನು ಹೆಂಡತಿ ದಿಂಬಿನ ಹೊದಿಕೆ, ಪರದೆ, ಕಾಲೊರಸುಗಳನ್ನು ಸೇರಿಸಿ ಸರಿಹೊಂದಿಸಿದಳು. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಹಸಿವು ಚೆನ್ನಾಗಿ ಆಗತೊಡಗಿತು, ಮೆಟ್ಟಿಲು ಹತ್ತುವಾಗ ಕಾಡುತ್ತಿದ್ದ ಮೊಣಕಾಲು ನೋವು ಹೋಯಿತು, ಸುಸ್ತು ಎಲ್ಲಿ ಓಡಿತೋ ಗೊತ್ತಿಲ್ಲ. ಮುಂದಿನ ವರದಿಯಲ್ಲಿ ಅಂಕಿ ಮೇಲೇರಿತ್ತು. ಹೆಂಡತಿ ಅಮ್ಮನ ಎದುರು ನಿಂತು, “ಇನ್ನು ಮೇಲೆ ಇವರನ್ನ ಸೋಮಾರಿ ಅನ್ನಲ್ಲ ಅತ್ತೇ,” ಎಂದಳು. ಆ ಖುಷಿಗೆ ಅಂದು ಪರದೆಗಳನ್ನೂ ನಾನೇ ಕೇಳಿ ಪಡೆದು ಒಣಗಿಸಿದೆ.

ಮಾರನೆಯ ದಿನ ಬಟ್ಟೆ ಹರವುತ್ತ ತಿರುಗಿ ನೋಡಿದರೆ, ಗಾಜಿನ ಕೋಣೆಯಲ್ಲಿ ನನ್ನ ಒರಗು ಕುರ್ಚಿಯಲ್ಲಿ ಹೆಂಡತಿ ಕಾಲು ಚಾಚಿ ಟೀ ಕುಡಿಯುತ್ತಿದ್ದಳು, ಪಕ್ಕದ ಸ್ಟೂಲಿನ ಮೇಲೆ ಅಮ್ಮ. ಅವಳು ನನ್ನತ್ತ ನೋಡಿ ಏನೋ ಹೇಳಿದಳು. ಗೋಡೆಗಳತ್ತ ಕೈ ಸುತ್ತಿಸಿ ತೋರಿಸಿದಳು. ಅವಳ ಮುಖದಲ್ಲಿ ಅಂಥ ನಗು. ಪಾಪ, ‘ಎಷ್ಟು ಚೆನ್ನಾಗಿ ಕಟ್ಟಿದ್ದೀರಿ’ ಎನ್ನುತ್ತಿರಬೇಕು. ನಾನೂ ನಕ್ಕು, ಧಾರಾಳವಾಗಿ ತಲೆಯಾಡಿಸಿದೆ.

ಬಾಗಿಲು ತೆರೆದುಕೊಂಡಿತು. “ನೋಡಿದ್ರಾ ಅತ್ತೇ, ಒಪ್ಕೊಂಡ್ರು!” ಎಂದಳು ಹೆಂಡತಿ. “ಇವತ್ತಿಂದ ಈ ಗಾಜೆಲ್ಲ ಒಳಗೂ ಹೊರಗೂ ಒರೆಸೋದು ಇವರೇ ಅಂತೆ.”

“ಚಯಾಪಚಯ...” ಎಂದೆ ಕ್ಷೀಣವಾಗಿ.

“ಅದು ಸರಿಯಾಯ್ತಲ್ಲಪ್ಪ,” ಎಂದು ಅಮ್ಮ ಸೋಪಿನ ನೀರಿನ ಬಕೆಟ್ಟನ್ನು ನನ್ನತ್ತ ತಳ್ಳಿದರು.