ಒಂದು ಬುಟ್ಟಿ ಕಂಡಿಕೆಯಷ್ಟು ಕಾದಂಬರಿ

ಊಟಕ್ಕೆ ಕೂತಾಗ ಅನ್ನದಲ್ಲಿ ಹರಳು ಸಿಕ್ಕಿತೆಂದು ನಾನು ಈವರೆಗೆ ಗಂಗಾಳ ಬಿಟ್ಟು ಎದ್ದವನಲ್ಲ. ಹರಳನ್ನು ಮೆಲ್ಲಗೆ ತೆಗೆದು ಅಂಚಿಗಿಟ್ಟು, ಹೆಂಡತಿ ನೋಡಿದಳೋ ಇಲ್ಲವೋ ಎಂದು ಓರೆಗಣ್ಣಿನಿಂದ ಗಮನಿಸಿ, ಊಟ ಮುಂದುವರಿಸುತ್ತೇನೆ. ಸಿಂಪಿಗ ಅಂಗಿಯ ಒಂದು ತೋಳನ್ನು ಗಿಡ್ಡ ಹೊಲಿದು ಕೊಟ್ಟಾಗಲೂ ಆ ಕೈಯನ್ನು ಸ್ವಲ್ಪ ಮಡಚಿಕೊಂಡೇ ವರ್ಷಗಟ್ಟಲೆ ಓಡಾಡಿದ್ದೇನೆ. ಇಷ್ಟು ಸಾಧು ಮನುಷ್ಯನಾದ ನಾನು ಪುಸ್ತಕದ ಮಾತು ಬಂದರೆ ಮಾತ್ರ ಹುಲಿಯಾಗುತ್ತೇನೆ. ಮೊದಲ ಪುಟದಲ್ಲಿ ಒಂದು ಕೆಟ್ಟ ವಾಕ್ಯ ಕಂಡರೆ ಮುಖ ಕಿವುಚುತ್ತೇನೆ, ಎರಡನೆಯದು ಕಂಡರೆ ಪುಸ್ತಕ ಮುಚ್ಚುತ್ತೇನೆ, ಆಮೇಲೆ ವಾರಗಟ್ಟಲೆ ಸಿಕ್ಕವರ ಮುಂದೆಲ್ಲ ಅದನ್ನು ಬೈಯುತ್ತ ತಿರುಗುತ್ತೇನೆ. ಇದಕ್ಕೆ ಗಡಹಿಂಗ್ಲಜದಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರೇ ಕಾರಣ. ಅವರು ಹಳೆಯ ಕಾವ್ಯ ಬಿಟ್ಟು ಬೇರೆ ಯಾವುದನ್ನೂ ಪುಸ್ತಕವೆಂದು ಒಪ್ಪುತ್ತಿರಲಿಲ್ಲ, ನಮ್ಮ ಪಠ್ಯಪುಸ್ತಕವನ್ನು ಕೂಡ.

ಹೊಟ್ಟೆಪಾಡಿಗೆ ಮರಾಠಿ ಊರಾದ ಇಚಲಕರಂಜಿಗೆ ಬಂದು ಒಂದು ಮಗ್ಗದ ಕಾರಖಾನೆಯಲ್ಲಿ ದಿವಾಣಜಿಯಾಗಿ ಸೇರಿಕೊಂಡೆ. ದಿವಾಣಜಿ ಎಂದರೆ ಬಲು ದೊಡ್ಡ ಹುದ್ದೆಯೆಂದು ಊರಲ್ಲಿ ನನ್ನ ಮಾವ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಕೊಟ್ಟ ನೂಲೆಷ್ಟು, ಬಂದ ಬಟ್ಟೆಯೆಷ್ಟು, ನಡುವೆ ಮಾಯವಾದದ್ದೆಷ್ಟು ಎಂದು ನೋಡುವ ಗುಮಾಸ್ತಿಕೆ ಅದು. ಆದರೆ ಒಂದೇ ಅಂಗಳದ ಸುತ್ತ ಸಾಲುಮನೆಗಳಿರುವ ನಮ್ಮ ಚಾಳಿನಲ್ಲಿ ಗೋಕಾಕ, ಅಥಣಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರೇ ಹೆಚ್ಚು. ಅವರ ನಡುವೆ ಕನ್ನಡವನ್ನು ತಡವರಿಸದೆ ಓದುವ ನಾನು ಪಂಡಿತನೆಂದೇ ಲೆಕ್ಕ. ಹೀಗಾಗಿ ಗುಡಿಯ ಪಕ್ಕದ ಒಂದೇ ಕೋಣೆಯಲ್ಲಿ ನಮ್ಮವರೆಲ್ಲ ಸೇರಿ ಕನ್ನಡ ವಾಚನಾಲಯ ತೆರೆದಾಗ ಪುಸ್ತಕ ಆರಿಸುವ ಅಧಿಕಾರ ನನ್ನ ಹೆಗಲೇರಿತು. ಅಧಿಕಾರ ಬಂದವನು ಸುಮ್ಮನೆ ಕೂಡುವುದುಂಟೆ? ಕೊಲ್ಹಾಪುರಕ್ಕೆ ಹೋಗಿ, ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಟ್ಟಿ ಗಟ್ಟಿ ಕನ್ನಡ ಪುಸ್ತಕಗಳನ್ನು ಹೊತ್ತು ತಂದೆ. ತಂದ ಮೇಲೆ ನೋಡಿದರೆ ಇದ್ದ ಒಂದೇ ಕಪಾಟು ತುಂಬಿತ್ತು.

ಕಪಾಟಿನಲ್ಲಿ ಜಾಗ ತಿನ್ನುತ್ತಿದ್ದದ್ದು ಯಾರೋ ದಾನ ಕೊಟ್ಟ ಒಂದು ದಪ್ಪ ಕಾದಂಬರಿ. ಅದರ ಹೆಸರು ಹೇಳುವುದಿಲ್ಲ. ಬರೆದವರಿಗೂ ಮಕ್ಕಳುಮರಿ ಇರುತ್ತಾರೆ. ನಮ್ಮ ಚಾಳಿನಲ್ಲಿ ಅದನ್ನು "ಹೇಮಲತಾನ ಪುಸ್ತಕ" ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಅದರ ನಾಯಕಿ ಹೇಮಲತೆ ಅಧ್ಯಾಯಕ್ಕೊಮ್ಮೆ ಮೂರ್ಛೆ ಹೋಗುತ್ತಾಳೆ. ನಾಯಕ ಕುಡಿಯಲು ನೀರು ಕೇಳಿದರೂ "ಗುಡುಗಿದನು" ಎಂದೇ ಬರೆದಿದೆ. ಸಂಜೆ ಮುಳುಗಿದ ಸೂರ್ಯ ಪುಟ ತಿರುವಿದರೆ ನೆತ್ತಿಯ ಮೇಲಿರುತ್ತಾನೆ. ಎಲ್ಲಿ ನೋಡಿದರೂ ಹುಣ್ಣಿಮೆ. ಆ ಊರಿನ ಪಂಚಾಂಗದಲ್ಲಿ ಬೇರೆ ತಿಥಿಯೇ ಇರಲಿಲ್ಲವೇನೋ. ಮೊದಲ ನಾಲ್ಕು ಹಾಳೆ ಓದುವಷ್ಟರಲ್ಲಿ ನನ್ನ ತಲೆ ಸಿಡಿಯತೊಡಗಿತು. ಅಮಾವಾಸ್ಯೆಗೊಮ್ಮೆ ಕೂಡುವ ನಮ್ಮ ಸಭೆಯಲ್ಲಿ ಎದ್ದು ನಿಂತು, ಇಂಥ ಪುಸ್ತಕ ವಾಚನಾಲಯಕ್ಕೆ ಕಳಂಕ, ಮುಂದಿನ ಅಮಾವಾಸ್ಯೆಗೆ ಇದನ್ನು ರದ್ದಿಗೆ ಹಾಕೋಣ ಎಂದು ಭಾಷಣ ಬಿಗಿದೆ. ಅಧ್ಯಕ್ಷರಾದ ನೇಮಣ್ಣನವರು ಕಿರಾಣಿ ಅಂಗಡಿಯವರು. ಅವರು ಪುಸ್ತಕದ ಹಾಳೆಯನ್ನು ಬೆರಳಿನಿಂದ ತಿಕ್ಕಿ ನೋಡಿ, "ಕಾಗದ ಬರೋಬ್ಬರಿ ಐತ್ರಿ, ಸಾಸಿವಿ ಪುಡಿಕಿ ಕಟ್ಟಾಕ ಭಾಳ ಚೊಲೊ ಆಕ್ಕೈತಿ" ಎಂದು ಒಪ್ಪಿಗೆ ಸೂಚಿಸಿದರು.

ಮನೆಗೆ ಬಂದು ಈ ಪರಾಕ್ರಮವನ್ನು ಹೆಂಡತಿ ಗಂಗವ್ವನ ಮುಂದೆ ಬಣ್ಣಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹೇಮಲತಾ ಬಾವಿ ಕಟ್ಟಿ ಮ್ಯಾಲ ನಿಂತಾಳ್ರಿ. ಆಕಿ ಬಿದ್ದಳೋ ಉಳದಳೋ ತಿಳಿಯೂದರಾಗ ನೀವು ಸಾಸಿವಿ ಕಟ್ಟಾಕ ಕೊಡ್ತೀರೇನು?" ಎಂದಳು. ಆಗಲೇ ನನಗೆ ತಿಳಿದದ್ದು, ಕಳಂಕವು ಕಪಾಟು ಬಿಟ್ಟು ನನ್ನ ಮನೆಯೊಳಗೇ ಹೊಕ್ಕಿದೆ ಎಂದು.

ಇಲ್ಲಿ ನಮ್ಮ ಚಾಳಿನ ಒಂದು ಪದ್ಧತಿ ಹೇಳಬೇಕು. ಮಧ್ಯಾಹ್ನ ಹೆಂಗಸರೆಲ್ಲ ಅಂಗಳದಲ್ಲಿ ರಾಟೆ ಹಾಕಿಕೊಂಡು ಕಂಡಿಕೆ ಸುತ್ತುತ್ತಾರೆ. ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಗೇಣುದ್ದದ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ. ಅವರಲ್ಲಿ ಅಕ್ಷರ ಬಲ್ಲವಳು ಶಾಂತವ್ವ ಒಬ್ಬಳೇ. ಅವಳು ರಾಟೆ ಬದಿಗಿಟ್ಟು ಪುಸ್ತಕ ಓದಿ ಹೇಳುವುದು, ಅವಳ ಪಾಲಿನ ಕಂಡಿಕೆಯನ್ನು ಕೇಳುವವರೆಲ್ಲ ಸೇರಿ ಸುತ್ತಿಕೊಡುವುದು, ಹೀಗೊಂದು ಒಪ್ಪಂದ. ಇವರು ವಾಚನಾಲಯದಿಂದ ಒಯ್ದದ್ದು ಹೇಮಲತಾನ ಪುಸ್ತಕವನ್ನೇ. ಸರಿಯಾಗಿ ಹೇಮಲತೆ ಬಾವಿಕಟ್ಟೆ ಹತ್ತಿದ ದಿನ ಶಾಂತವ್ವನನ್ನು ಹೆರಿಗೆಗೆಂದು ಕುರುಂದವಾಡದ ತವರಿನವರು ಬಂದು ಕರೆದೊಯ್ದರು, ಪುಸ್ತಕ ಕಪಾಟಿಗೆ ಮರಳಿತು. ಬಾಣಂತನ ಮುಗಿಸಿ ಬರುವುದೆಂದರೆ ತಿಂಗಳುಗಟ್ಟಲೆಯ ಮಾತು. ರದ್ದಿಯ ದಿನ ಮಾತ್ರ ಮುಂದಿನ ಅಮಾವಾಸ್ಯೆ.

"ನೀವೇ ಓದ್ರಿ" ಎಂದಳು ಗಂಗವ್ವ. ಓದೋಣ, ಆದರೆ ಒಳ್ಳೆಯ ಪುಸ್ತಕ ಓದುತ್ತೇನೆ ಎಂದು ಕರಾರು ಹಾಕಿದೆ. ವಾರದ ರಜೆಯ ದಿನ ಕೊಲ್ಹಾಪುರದಿಂದ ತಂದ ಗಟ್ಟಿ ಪುಸ್ತಕವೊಂದನ್ನು ಹಿಡಿದು ಅಂಗಳದಲ್ಲಿ ಕೂತೆ. ಹೆಂಗಸರು ಸೆರಗು ಸರಿಪಡಿಸಿಕೊಂಡು, ಭಕ್ತಿಯಿಂದ ಕೇಳಿದರು. ಎರಡನೆಯ ಪುಟಕ್ಕೆ ರಾಟೆಗಳು ನಿಧಾನವಾದವು. ನಾಲ್ಕನೆಯ ಪುಟಕ್ಕೆ ಎಲ್ಲರಿಗಿಂತ ಹಿರಿಯಳಾದ ದುಂಡವ್ವ ಆಯಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಿದರೆ, "ಭಾಳ ಚಂದ ಐತಿ ತಮ್ಮಾ, ಭಾಳ ತಂಪ ಅನಸ್ತು" ಎಂದಳು. ನನಗೆ ಸಿಟ್ಟು ಬಂತು, ಆದರೆ ಖರೇ ಹೇಳಬೇಕೆಂದರೆ ಅದೇ ಪುಸ್ತಕ ಓದುವಾಗ ನನಗೂ ಎರಡು ಸಲ ತಂಪಾಗಿತ್ತು.

ಮರುವಾರ ಸೋತು ಹೇಮಲತೆಯನ್ನೇ ಕೈಗೆತ್ತಿಕೊಂಡೆ. ಆದರೆ ಅಂಥ ವಾಕ್ಯಗಳನ್ನು ನನ್ನ ಬಾಯಿಂದ ಹೇಗೆ ಆಡಲಿ? ಒಂದು ಉಪಾಯ ಹೂಡಿದೆ. ಹುಣ್ಣಿಮೆ ಬಂದಲ್ಲಿ ಹಾರಿಸಿದೆ. ಮೂರ್ಛೆಯನ್ನು ಕತ್ತರಿಸಿದೆ. ಕಣ್ಣೀರು ಹೊಳೆಯಾಗಿ ಹರಿಯುವಲ್ಲಿ "ಅತ್ತಳು" ಎಂದಷ್ಟೇ ಹೇಳಿದೆ. ನಾಯಕನ ಗುಡುಗನ್ನೂ ಇಳಿಸಿ, ಸಭ್ಯ ಮನುಷ್ಯನ ಹಾಗೆ ಮಾತಾಡಿಸಿದೆ. ಕಾದಂಬರಿ ನನ್ನ ಬಾಯಲ್ಲಿ ಎಷ್ಟು ಹದವಾಗಿ ಬರುತ್ತಿತ್ತೆಂದರೆ, ಬರೆದವನು ಕೇಳಿದ್ದರೆ ನನ್ನ ಕಾಲಿಗೆ ಬೀಳುತ್ತಿದ್ದ ಎಂದು ಒಳಗೊಳಗೇ ಹಿಗ್ಗಿದೆ. ಪ್ರಕರಣ ಮುಗಿಯಿತೆಂದು ಪುಸ್ತಕ ಮುಚ್ಚಿದಾಗ ಯಾರೂ ಏಳಲಿಲ್ಲ. ಗಂಗವ್ವ ತನ್ನ ಮುಂದಿನ ಬುಟ್ಟಿಯನ್ನೊಮ್ಮೆ ನೋಡಿ, ದುಂಡವ್ವನ ಬುಟ್ಟಿಯನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಶಾಂತವ್ವ ಒಂದು ಪ್ರಕರಣ ಓದಿದರ ಒಂದು ಬುಟ್ಟಿ ಕಂಡಿಕಿ ತುಂಬತಿತ್ರಿ. ಇವತ್ತ ಅರ್ಧಾನೂ ತುಂಬಿಲ್ಲ. ಉಳಿದದ್ದು ಎಲ್ಲಿಟ್ರಿ?"

ಕೊಟ್ಟ ನೂಲಿಗೂ ಬಂದ ಬಟ್ಟೆಗೂ ತಾಳೆಯಾಗದಿದ್ದಾಗ ನೇಕಾರರಿಗೆ ನಾನು ದಿನಾ ಕೇಳುವ ಪ್ರಶ್ನೆ ಅದು. ಅವರು ಏನೇನು ಉತ್ತರ ಕೊಡುತ್ತಾರೋ ಅದೆಲ್ಲವನ್ನೂ ನಾನೂ ಕೊಟ್ಟೆ. ನಾನು ಓದುವುದೇ ಬಿರುಸು, ಇವತ್ತಿನ ಪ್ರಕರಣ ಸಣ್ಣದು, ನಿಮ್ಮ ರಾಟೆ ನಿಧಾನ. ಯಾರೂ ನಂಬಲಿಲ್ಲ. "ಹುಡುಗಿ ಅಳೂದು ನಾವು ಕೇಳಿದರ ನಿನಗೇನು ತ್ರಾಸ ತಮ್ಮಾ?" ಎಂದು ದುಂಡವ್ವ ಆಯಿ ಮೆತ್ತಗೆ ಕೇಳಿದಳು. "ನಮಗ ಅಳಾಕ ವೇಳೆ ಎಲ್ಲಿ ಸಿಗತೈತಿ. ಆಕೀನರ ಅಳಲಿ." ಇನ್ನು ಮೇಲೆ ಒಂದಕ್ಷರ ಬಿಡದೆ ಓದುತ್ತೇನೆಂದು ಆಣೆ ಮಾಡಿದೆ. ಗಂಗವ್ವ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. "ಬ್ಯಾಡ್ರಿ. ನಿಮ್ಮ ಬಾಯಿ ಮ್ಯಾಲ ನಮಗ ಭರೋಸಾ ಇಲ್ಲ. ನನಗ ಅಕ್ಷರ ಹೇಳಿಕೊಡ್ರಿ, ನಾನೇ ನೋಡ್ಕೋತೇನಿ."

ಮದುವೆಯಾದ ಹೊಸತರಲ್ಲಿ ನಾನಾಗಿಯೇ ಅವಳಿಗೆ ಅಕ್ಷರ ಕಲಿಸಲು ಹೋಗಿದ್ದುಂಟು. ನಮ್ಮ ಮಾಸ್ತರರನ್ನು ನೆನೆದು ನೇರವಾಗಿ ಹಳೆಯ ಕಾವ್ಯದಿಂದಲೇ ಶುರುಮಾಡಿದ್ದೆ. ಅವಳು ಆ ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿ ದೇವರ ಮಾಡದಲ್ಲಿಟ್ಟಳು, ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು. ಈಗ ಅವಳೇ ಕೇಳುತ್ತಿದ್ದಾಳೆ. ನಾನು ಇಲ್ಲವೆಂದರೆ, ಅಥವಾ ಪುಸ್ತಕ ಸಾಸಿವೆಯ ಪುಡಿಕೆಯಾಗಿ ಹೋದರೆ, ಆ ಆಸೆ ಮತ್ತೆ ಹುಟ್ಟುತ್ತದೆಂಬ ಭರವಸೆ ನನಗಿರಲಿಲ್ಲ. ಒಲೆಯ ಮುಂದೆ ಇದ್ದಿಲು ಹಿಡಿದು ನೆಲದ ಮೇಲೆ "ಹೇ" ಬರೆದೆ. ಅಕಾರದಿಂದ ಶುರು ಮಾಡೋಣವೆಂದರೆ ಅವಳು ಕೇಳಲಿಲ್ಲ, ಹೇಮಲತೆಯ ಹೆಸರಿನಿಂದಲೇ ಆಗಬೇಕೆಂದಳು.

ಇಲ್ಲಿ ನನ್ನ ನಿಜವಾದ ಗರ್ವಭಂಗ. ಯಾವ ದೋಷಗಳಿಗಾಗಿ ನಾನು ಆ ಕಾದಂಬರಿಯನ್ನು ಬೈದಿದ್ದೆನೋ ಅವೇ ಅವಳಿಗೆ ಏಣಿಯಾದವು. "ಹುಣ್ಣಿಮೆಯ ಚಂದಿರನು" ಎಂಬುದನ್ನು ಒಂದು ಕಡೆ ಕಷ್ಟಪಟ್ಟು ಕೂಡಿಸಿ ಓದಿದಳೋ ಇಲ್ಲವೋ, ಪುಟಪುಟಕ್ಕೂ ಅದೇ ಎದುರಾಗಿ ನಕ್ಕಿತು. "ಗುಡುಗಿದನು" ಬಾಯಿಪಾಠವಾಯಿತು. "ಮೂರ್ಛಿತಳಾದಳು" ಎಂಬ ಒತ್ತಕ್ಷರದ ಬೆಟ್ಟವನ್ನು ವಾರಗಟ್ಟಲೆ ಹತ್ತಿದಳು. ಹತ್ತಿದ ಮೇಲೆ ಎಲ್ಲಿ ಕಂಡರೂ ದೂರದಿಂದಲೇ ಗುರುತಿಸಿ, "ಬಿದ್ದಳ್ ನೋಡ್ರಿ ಮತ್ತ" ಎನ್ನುತ್ತಿದ್ದಳು. ಒಂದೇ ಮಾತನ್ನು ಎರಡು ಸಲ ಹೇಳದಿರುವುದು ಒಳ್ಳೆಯ ಬರಹಗಾರನ ಲಕ್ಷಣವೆಂದು ನಮ್ಮ ಮಾಸ್ತರರು ಹೇಳುತ್ತಿದ್ದರು. ಅಂಥ ಒಳ್ಳೆಯವನ ಕೈಗೆ ಸಿಕ್ಕಿದ್ದರೆ ನನ್ನ ಹೆಂಡತಿ ಜನ್ಮದಲ್ಲಿ ಓದು ಕಲಿಯುತ್ತಿರಲಿಲ್ಲ.

ಇತ್ತ ಅಮಾವಾಸ್ಯೆ ಬಂತು. ಸಭೆಯಲ್ಲಿ ಎದ್ದು ನಿಂತು, ಯಾವ ಪುಸ್ತಕವನ್ನೂ ಪೂರ್ತಿ ಓದದೆ ರದ್ದಿಗೆ ಹಾಕುವುದು ನ್ಯಾಯವಲ್ಲ ಎಂದೆ. ಕನ್ನಡಕದ ಮೇಲಿನಿಂದ ನೋಡುತ್ತ ನೇಮಣ್ಣನವರು, "ಹೋದ ಸಲ ನೀವು ಪೂರ್ತಿ ಓದೇ ಮಾತಾಡಿದ್ರಲ್ಲೇನ್ರಿ?" ಎಂದು ಕೇಳಿದರು. ಓದಿದ್ದು ನಾಲ್ಕೇ ಹಾಳೆ ಎಂದು ಹೇಳಲು ನಾಲಗೆ ಹೊರಳಲಿಲ್ಲ. ಇನ್ನೂ ಓದುತ್ತಿದ್ದೇನೆ ಎಂದೆ. ಅದರ ಮುಂದಿನ ಅಮಾವಾಸ್ಯೆಗೂ ಅದನ್ನೇ ಹೇಳಿದೆ, ಅದರ ಮುಂದಿನದಕ್ಕೂ. ಕೊನೆಗೆ ಅವರು ಅರ್ಧ ಮರಾಠಿಗೆ ಹೊರಳಿ, "ಆತಾ ಕಾಯ್ ಕರಾಯ್ಚಂ ದಿವಾಣಜಿ? ಈಗೇನ್ ಮಾಡೂದ್ರಿ? ಹೇಮಲತಾ ಇನ್ನೂ ಬಾವಿ ಕಟ್ಟಿ ಮ್ಯಾಲೇ ಅದಾಳೇನು? ಕಾಲು ನೋಯ್ತಾವಲ್ರಿ ಪಾಪ" ಎಂದರು. ಇಡೀ ಸಭೆ ನಕ್ಕಿತು. ಆದರೆ ಅವರು ರದ್ದಿಯ ಮಾತು ಎತ್ತಲಿಲ್ಲ. ಅವರ ಮನೆಯಾಕೆಯೂ ನಮ್ಮ ಅಂಗಳಕ್ಕೆ ಬಂದು ಕೂಡುತ್ತಿದ್ದಳೆಂದು ಆಮೇಲೆ ತಿಳಿಯಿತು.

ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಒಮ್ಮೆ ಈ ವಿಷಯವನ್ನೇ ಯೋಚಿಸಿದ್ದೆ. ಆ ಬಸ್ಸಿನ ಕಿಟಕಿ ಏರಿಸಿದರೆ ಇಳಿಯುವುದಿಲ್ಲ, ಇಳಿಸಿದರೆ ಏರುವುದಿಲ್ಲ. ಏರು ಬಂದಲ್ಲೆಲ್ಲ ಕೆಮ್ಮುತ್ತದೆ, ಕೈ ತೋರಿಸಿದವರಿಗೆಲ್ಲ ನಿಲ್ಲುತ್ತದೆ. ಆದರೂ ಅದರ ನಡತೆ ಸರಿಯಿಲ್ಲವೆಂದು ಯಾರೂ ದಾರಿಯಲ್ಲಿ ಇಳಿದುಹೋಗುವುದಿಲ್ಲ, ಯಾಕೆಂದರೆ ಅದು ನಮ್ಮ ಊರಿಗೇ ಹೋಗುತ್ತಿರುತ್ತದೆ. ಕೆಟ್ಟ ಕಾದಂಬರಿಗೆ ನಾವು ಋಣಿಗಳೋ ಅಲ್ಲವೋ, ನನಗೆ ಇನ್ನೂ ತಿಳಿದಿಲ್ಲ. ಅದರಲ್ಲಿ ಕೂತವರನ್ನು ಕೈ ಹಿಡಿದು ಎಳೆದು ಇಳಿಸುವ ಹಕ್ಕು ಮಾತ್ರ ನನಗಿಲ್ಲ.

ಹೇಮಲತೆ ಬಾವಿಗೆ ಬೀಳಲಿಲ್ಲ. ಕಟ್ಟೆಯ ಮೇಲೆ ಮೂರ್ಛಿತಳಾದದ್ದರಿಂದ ಉಳಿದುಕೊಂಡಳು. ಅದನ್ನು ಗಂಗವ್ವ ಒಂದೊಂದೇ ಅಕ್ಷರ ಕೂಡಿಸಿ ಅಂಗಳದಲ್ಲಿ ಓದಿದ ಮಧ್ಯಾಹ್ನ ರಾಟೆಗಳೆಲ್ಲ ನಿಂತಿದ್ದವು, ದುಂಡವ್ವ ಆಯಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ನಾನೂ ಅಂಗಿಯ ಗಿಡ್ಡ ತೋಳನ್ನು ಕಣ್ಣಿಗೊತ್ತಿಕೊಂಡೆ. ಹೇಮಲತೆಗಾಗಿ ಅಲ್ಲ, ಓದುತ್ತಿದ್ದವಳಿಗಾಗಿ. ಶಾಂತವ್ವ ಕೂಸನ್ನೆತ್ತಿಕೊಂಡು ಕುರುಂದವಾಡದಿಂದ ಮರಳಿದಾಗ ಕತೆ ಮುಗಿದಿತ್ತು, ಕೊನೆ ಏನಾಯಿತೆಂದು ಅವಳೇ ಗಂಗವ್ವನನ್ನು ಕೇಳಬೇಕಾಯಿತು. ಹೇಳುವುದಿಲ್ಲ, ಓದಿ ತೋರಿಸುತ್ತೇನೆ ಎಂದಳು ನನ್ನ ಹೆಂಡತಿ.

ಇದೆಲ್ಲ ನಡೆದು ಎರಡು ಮೂರು ವರ್ಷವಾದವು. ಈಗ ನಾನೂ ಒಂದಿಷ್ಟು ಬರೆಯುತ್ತೇನೆ. ಈ ಪ್ರಬಂಧವನ್ನು ಇಲ್ಲಿಯವರೆಗೆ ಬರೆದು ನಿನ್ನೆ ಮಧ್ಯಾಹ್ನ ಗಂಗವ್ವನ ಕೈಗೆ ಕೊಟ್ಟೆ. ಅವಳು ರಾಟೆ ಬಿಟ್ಟು ಏಳಲಿಲ್ಲ. "ಇದರಾಗ ಯಾರರ ಬಾವಿಗೆ ಬೀಳ್ತಾರೇನ್ರಿ?" ಎಂದು ಕೇಳಿದಳು. ಹಾಗೆ ನೋಡಿದರೆ ಯಾರೂ ಬೀಳುವುದಿಲ್ಲ ಎಂದೆ. "ಹಂಗಾರ ಒಂದು ಬುಟ್ಟಿ ಕಂಡಿಕಿ ತುಂಬೂತನಾ ಓದಿ ನೋಡ್ತೇನಿ. ಮನಸಿಗೆ ಬಂದರ ಮುಂದಿಂದು. ಓದಾವರ ಪಾಲಿಂದು ಕೇಳಾವರು ಸುತ್ತಬೇಕ್ರಿ" ಎಂದು ರಾಟೆಯನ್ನು ನನ್ನ ಕಡೆ ತಳ್ಳಿ ಓದತೊಡಗಿದಳು.

ನಾನು ಕೂತು ಸುತ್ತಿದೆ. ಬುಟ್ಟಿ ಎಷ್ಟು ಬೇಗ ತುಂಬುತ್ತದೆಂಬುದು ನನಗೆ ಅದೇ ಮೊದಲು ತಿಳಿದದ್ದು. ಅವಳು ಇನ್ನೂ ಸಿಂಪಿಗನ ತೋಳಿನ ಹತ್ತಿರವೇ ಇದ್ದಳು, ನಗುತ್ತಿರಲಿಲ್ಲ. ರಾಟೆಯನ್ನು ಆದಷ್ಟು ನಿಧಾನ ತಿರುಗಿಸಿದೆ. ಅದೂ ಸಾಲದೆನಿಸಿ, ಅವಳ ಕಣ್ಣು ತಪ್ಪಿಸಿ ನೂಲನ್ನು ಒಂದಿಷ್ಟು ಜಗ್ಗಿ ಹರಿದುಕೊಂಡೆ. ಗಂಟು ಹಾಕುವಷ್ಟು ಹೊತ್ತಾದರೂ ಅವಳ ಓದು ಮುಂದುವರಿಯಲಿ ಎಂದು.

"ನೂಲು ಹರೀತು ನೋಡು" ಎಂದೆ.

"ಹರೀಲಿಲ್ರಿ, ನೀವೇ ಹರದೀರಿ. ಸುಮ್ನ ಸುತ್ರಿ" ಎಂದು ಅವಳು, ಕಾಗದದಿಂದ ಕಣ್ಣೆತ್ತದೆ, ಹಾಳೆ ತಿರುವಿದಳು.