ಗೀಸರಿಗೆ ಕಟ್ಟಿದ ಬಳ್ಳಿ

ಮನೆ ಮಾರಲು ಹೊರಟವನಿಗೆ ಫಜೀತಿ ಹೊರಗಿನಿಂದ ಬರಬೇಕಾಗಿಲ್ಲ, ಒಬ್ಬ ಭಾವ ಇದ್ದರೆ ಸಾಕು. ಎಂಬತ್ತರ ದಶಕದಲ್ಲಿ ನಾನು ಕಾರ್ಕಳದಲ್ಲಿ ಮೇಷ್ಟ್ರು. ಹೆಂಡತಿ, ಮಗಳು ಉಡುಪಿಯ ಕಡಿಯಾಳಿಯಲ್ಲಿ. ಮಗಳು ನನ್ನನ್ನು 'ಭಾನುವಾರದ ನೆಂಟರು' ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ಸಂಕಟ. ಕಡಿಯಾಳಿಯ ಮನೆ ಮಾರಿದರೆ ಕಾರ್ಕಳದಲ್ಲೊಂದು ಸಣ್ಣ ಮನೆ ಕೊಂಡು ಒಟ್ಟಿಗಿರಬಹುದಿತ್ತು.

"ಹೀಗೇ ತೋರಿಸಿದರೆ ಯಾರು ತಗೊಳ್ತಾರೆ ಮಾರಾಯ?" ಎಂದು ದುಬೈಯಿಂದ ಬಂದಿದ್ದ ಭಾವ ಶವರ್, ಮಿಕ್ಸಿ, ಗೀಸರ್ ಎಲ್ಲ ತಂದು ಕೂರಿಸಿದರು. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ ಪಕ್ಕದ ಮನೆಗೆ ಹೋಯಿತು.

ಶವರ್

ಮನೆ ನೋಡಲು ಬ್ಯಾಂಕಿನ ಅಧಿಕಾರಿಯೊಬ್ಬರು ಬಂದರು. ಶವರಿನ ಕೆಳಗೆ ನಿಂತು, ತಲೆ ಎತ್ತಿ, "ಇದರಲ್ಲಿ ನೀರು ಬರ್ತದಾ?" ಎಂದರು. ನನ್ನ ಹೆಂಡತಿ ಉತ್ತರ ಕೊಡುವ ಬದಲು ನಲ್ಲಿಯನ್ನೇ ತಿರುಗಿಸಿದಳು.

ಪಾಪ, ಒದ್ದೆ ಪ್ಯಾಂಟು ಬಿಚ್ಚಿಟ್ಟು ನನ್ನ ಮುಂಡು ಉಟ್ಟು ಕಾಫಿ ಕುಡಿದು ಹೋದರು. ಮುಂದಿನ ಭಾನುವಾರ ಅದನ್ನು ಹಿಂತಿರುಗಿಸಲು ಬಂದರು, ತಾಯಿಯನ್ನೂ ಕರೆದುಕೊಂಡು.

ಚಟ್ನಿ

ಅವತ್ತು ವೋಲ್ಟೇಜ್ ಇಲ್ಲ. ಮಿಕ್ಸಿ ಗೊರಗೊರ ಎಂದಿತೇ ವಿನಾ ಕಾಯಿ ನುಣ್ಣಗಾಗಲಿಲ್ಲ. ಭಾವ ಅಡುಗೆಮನೆಯಲ್ಲಿ ಖಾಲಿ ಮಿಕ್ಸಿಯ ಸದ್ದು ಮಾಡುತ್ತಾ ನಿಂತರು. ಹೆಂಡತಿ ಹಿತ್ತಲಲ್ಲಿ ಅರೆಯುವ ಕಲ್ಲಿನಲ್ಲಿ ಚಟ್ನಿ ಕಡೆದಳು.

ಅಧಿಕಾರಿಯ ತಾಯಿ ದೋಸೆಯೊಟ್ಟಿಗೆ ಒಂದು ಚೂರು ನೆಕ್ಕಿ, "ಆ ಸದ್ದು ನಿಲ್ಲಿಸಿ. ಕಲ್ಲು ಎಲ್ಲಿ ಉಂಟು, ತೋರಿಸಿ" ಎಂದರು.

ಹಂಡೆ

ಕಲ್ಲು ಅವರಿಗೆ ಒಪ್ಪಿಗೆಯಾಯಿತು. ಬಚ್ಚಲಿಗೆ ಬಂದರು. "ಹಂಡೆ ಎಲ್ಲಿ? ದೀಪಾವಳಿಯ ಹಿಂದಿನ ದಿನ ನೀರು ತುಂಬಿಸಿ ಬಳ್ಳಿ ಕಟ್ಟುವುದು ಮತ್ತೆ ಯಾವುದಕ್ಕೆ?"

ಭಾವ ಓಡಿಹೋಗಿ ಹಿತ್ತಲಿನ ಅಲಸಂಡೆ ಬಳ್ಳಿ ಕಿತ್ತು ತಂದು, ಸ್ಟೂಲ್ ಹತ್ತಿ ಗೀಸರಿಗೆ ಸುತ್ತಿದರು. "ನೋಡಿ ಅಮ್ಮ, ಇದಕ್ಕೇ ಕಟ್ಟಬಹುದು. ನೀರು ಪೈಪೇ ತುಂಬಿಸ್ತದೆ."

"ಹಾಗಾದರೆ ಹಬ್ಬ ನಮಗಾ, ಪೈಪಿಗಾ?"

ಆ ಅಮ್ಮ ಹೊರಡಲು ಚಪ್ಪಲಿ ಹಾಕಿದರು. ಇನ್ನೂ ಭಾನುವಾರದ ನೆಂಟನಾಗಿರಲು ನನ್ನಿಂದಾಗದು. ಪಕ್ಕದ ಮನೆಗೆ ಓಡಿ, ಹಂಡೆಯಲ್ಲಿ ದನಕ್ಕೆ ಬೇಯಿಸಿಟ್ಟಿದ್ದ ಹುರುಳಿಯನ್ನು ಬೇರೆ ಪಾತ್ರೆಗೆ ಸುರಿದು, ಹಂಡೆ ಹೊತ್ತು ತಂದೆ. ಆ ಅಮ್ಮ ಅದನ್ನು ಬೆರಳಲ್ಲಿ ತಟ್ಟಿ, "ಮನೆ ಆದೀತು. ಗೋಡೆಯ ಮೇಲಿನ ಅದನ್ನು ಮಾತ್ರ ನೀವೇ ತಗೊಂಡು ಹೋಗಿ" ಎಂದರು.

ತಗೊಂಡು ಹೋದೆವು, ಹಂಡೆ ಅಲ್ಲೇ ಉಳಿಯಿತು. ಕಾರ್ಕಳದ ನಮ್ಮ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಆ ದೀಪಾವಳಿಗೆ ಹೆಂಡತಿ ಬಳ್ಳಿಯನ್ನು ಗೀಸರಿಗೇ ಕಟ್ಟಿ, ಅದರ ಕೆಳಗೆ ಕೂತು ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿದಳು. ಮೂವರೂ ಒಟ್ಟಿಗೆ ಹಬ್ಬ ಮಾಡಿದೆವು.